ಕೊಪ್ಪಳದ ಗಾಣದ ಎಣ್ಣೆ ಅಂಗಡಿ: ಮೇಡಂ ಕಥೆಗೆ ಹೋಗಬೇಡಿ, ಎಣ್ಣೆಗೆ ಹೋಗಿ

ಮೊದಲೇ ಹೇಳಿಬಿಡ್ತೀನಿ. ಶೇಂಗಾ ಎಣ್ಣೆ ಚೆನ್ನಾಗಿದೆ, ರೇಟು ಜಾಸ್ತಿ, ಮೇಡಂ ಮಾತು ಇನ್ನೂ ಜಾಸ್ತಿ. ಐದಕ್ಕೆ ನಾಲ್ಕು ಸ್ಟಾರ್.

ಅಂಗಡಿ ಇರೋದು ಕೊಪ್ಪಳದಿಂದ ಭಾಗ್ಯನಗರದ ಕಡೆ ಹೋಗುವಾಗ. ನಡೆಸುವ ಮೇಡಂ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದವರು. ಕಾಲೇಜಿನಲ್ಲಿ ಕಾಯಂ ನೌಕರಿ ಇತ್ತು, ಅದನ್ನು ಬಿಟ್ಟು ಗಾಣ ಹಾಕಿದ್ದಾರೆ. ಕಾಯಂ ಮಾಡಿ ಅಂತ ಅತಿಥಿ ಉಪನ್ಯಾಸಕರು ಧರಣಿ ಕೂರುವ ಕಾಲದಲ್ಲಿ ಕಾಯಂ ಆದವರೇ ರಾಜೀನಾಮೆ ಕೊಟ್ಟರೆ ಜನ ಸುಮ್ನೆ ಇರ್ತಾರಾ? ಮೊಬೈಲ್ ಹಿಡಿದು ರೀಲ್ಸ್ ಮಾಡೋಕೆ ಬರುವವರು ಬೇಕಾದಷ್ಟಿದ್ದಾರೆ. ಅವರಿಗೆಲ್ಲ ಎತ್ತು ಬೇಕು. ಇಲ್ಲಿ ಎತ್ತಿಲ್ಲ, ಮರದ ಗಾಣ ಮೋಟಾರಿನ ಮೇಲೆ ತಿರುಗುತ್ತದೆ. ವಿಡಿಯೋ ಮಾಡಿ ಅರ್ಧ ಲೀಟರ್ ತಗೊಂಡು ಹೋಗ್ತಾರೆ.

ನನಗೆ ಇಷ್ಟವಾಗಿದ್ದು ಕಾಳು ಆರಿಸುವ ಜಾಗ. ಕುಷ್ಟಗಿ, ಯಲಬುರ್ಗಾ ಕಡೆಯ ರೈತರು ತಂದ ಶೇಂಗಾವನ್ನು ಇಬ್ಬರು ಹೆಂಗಸರು ಕೂತು ಒಂದೊಂದೇ ನೋಡಿ ಆರಿಸ್ತಾರೆ. ಮುಗ್ಗಲು ಹಿಡಿದದ್ದು, ಬಣ್ಣ ಕೆಟ್ಟದ್ದು, ಮುರುಟಿದ್ದು ಎಲ್ಲ ಬೇರೆ ಬುಟ್ಟಿಗೆ. ಇಷ್ಟೊಂದು ಯಾಕೆ ಅಂತ ಕೇಳಿದರೆ ಪಾಠ ಶುರು. ಮುಗ್ಗಲು ಕಾಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರ್‌ಗೆ ಕೆಟ್ಟದ್ದು. ಫ್ಯಾಕ್ಟರಿಯಲ್ಲಿ ಎಣ್ಣೆಯನ್ನು ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ. ಗಾಣದಲ್ಲಿ ಆ ಕೆಲಸ ಆಗಲ್ಲ, ಕಾಳಿನಲ್ಲಿದ್ದದ್ದು ಎಣ್ಣೆಗೂ ಬರುತ್ತದೆ. ಅಂದ್ರೆ ಆರಿಸದೆ ಹಿಂಡಿದ ಗಾಣದ ಎಣ್ಣೆಗಿಂತ ಪ್ಯಾಕೆಟ್ ಎಣ್ಣೆಯೇ ವಾಸಿ! ಗಾಣದ ಎಣ್ಣೆ ಮಾರುವವರ ಬಾಯಲ್ಲಿ ಈ ಮಾತು ನಾನು ಬೇರೆಲ್ಲೂ ಕೇಳಿಲ್ಲ.

ಬಾಟಲಿ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ಹಾಕಿಲ್ಲ. ಯಾವ ಕಾಳಿನ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರಲ್ಲ, ಬರೆದು ದೊಡ್ಡಸ್ತಿಕೆ ಯಾಕೆ ಅಂತಾರೆ. ಸಕ್ಕರೆ ಕಾಯಿಲೆಗೆ ಒಳ್ಳೇದಾ ಅಂತ ಒಬ್ಬ ಅಜ್ಜ ಕೇಳಿದರು. "ಇದೂ ಎಣ್ಣೆನೇ ರೀ ಯಜ್ಜಾ, ಗ್ರಾಮಿಗೆ 9 ಕ್ಯಾಲೊರಿ. ಕಡಿಮೆ ತಿನ್ರಿ" ಅಂದರು. ವ್ಯಾಪಾರ ಮಾಡೋ ರೀತಿನಾ ಇದು?

ರೇಟಿನ ವಿಷಯ. ಪ್ಯಾಕೆಟ್ ಎಣ್ಣೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಲೆಕ್ಕವನ್ನು ಗೋಡೆಯ ಕರಿಹಲಗೆ ಮೇಲೆ ಬರೆದಿಟ್ಟಿದ್ದಾರೆ (ಹಳೇ ಚಟ). ಕಾಳಿನ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆ ಇದ್ದರೂ ಗಾಣಕ್ಕೆ ಪೂರ್ತಿ ಸಿಗಲ್ಲ, ಒಂದಿಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ದೊಡ್ಡ ಫ್ಯಾಕ್ಟರಿಗಳು ಉಳಿದದ್ದನ್ನೂ ಹೆಕ್ಸೇನ್ ಅನ್ನೋ ಎಣ್ಣೆ ಕರಗಿಸುವ ಕೆಮಿಕಲ್ ಹಾಕಿ ತೆಗೆಯುತ್ತವೆ. ಹಾಗಾಗಿ ಇಲ್ಲಿ 1 ಲೀಟರ್‌ಗೆ ಸುಮಾರು 2.5 ಕೆಜಿ ಕಾಳು ಬೇಕು. ಶೇಂಗಾ ಕಾಳಿನ ಇವತ್ತಿನ ರೇಟು ಹಾಕಿ ನೋಡಿ, ದನದ ಹಿಂಡಿ ಮಾರಿ ಬರುವ ದುಡ್ಡು ಕಳೆಯಿರಿ. ಅದಕ್ಕಿಂತ ಅಗ್ಗಕ್ಕೆ ಯಾರಾದ್ರೂ ಗಾಣದ ಎಣ್ಣೆ ಕೊಟ್ಟರೆ ಅದರಲ್ಲಿ ಇನ್ನೇನೋ ಬೆರೆತಿದೆ ಅಂತಲೇ ಅರ್ಥ ಅಲ್ವಾ.

ನೌಕರಿ ಯಾಕೆ ಬಿಟ್ರಿ ಅಂತ ಎಲ್ಲರ ಹಾಗೆ ನಾನೂ ಕೇಳಿದೆ. ಬಡ್ತಿಗೆ ಪಾಯಿಂಟ್ ಬೇಕು, ಪಾಯಿಂಟಿಗೆ ಸಂಶೋಧನಾ ಪೇಪರ್ ಬೇಕು, ಪೇಪರಿಗೆ ದುಡ್ಡು ಕಟ್ಟಿಸಿಕೊಂಡು ಅಚ್ಚು ಹಾಕುವ ಜರ್ನಲ್‌ಗಳು ಬಂದವು. 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದಲೇ 4,305 ಜರ್ನಲ್ ತೆಗೆದು ಹಾಕಿತು, ಅಲ್ಲಿ ಬರೆದವರ ಪೇಪರ್ ಯಾರು ಓದಿದ್ದರು ಹೇಳಿ ಅಂತ ನನ್ನನ್ನೇ ಕೇಳಿದರು. ಅದರ ಮೇಲೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು. ಪಾಠ ಬೇಸರ ಆಗಿರಲಿಲ್ಲವಂತೆ, ಪಾಠಕ್ಕೆ ಟೈಮೇ ಉಳಿಯುತ್ತಿರಲಿಲ್ಲವಂತೆ. ಈಗ ರೈತರು ಚೀಲ ಇಳಿಸಿದ ಕೂಡಲೇ ತೇವ ನೋಡುವ ಮೀಟರ್ ಹಿಡಿದು, ಸರಿಯಾಗಿ ಒಣಗದಿದ್ದರೆ ಯಾಕೆ ತಗೊಳ್ಳಲ್ಲ ಅಂತ ಬಿಡಿಸಿ ಹೇಳ್ತಾರೆ. ನಾನಿದ್ದಾಗ ಒಬ್ಬ ರೈತ "ಅಕ್ಕಾರ, ಈ ಸಲ ಎರಡು ದಿನ ಹೆಚ್ಚಿಗೆ ಒಣಗ್ಸೀನಿ, ನೋಡ್ರಿ" ಅಂತ ತಾನೇ ಚೀಲದ ಬಾಯಿ ಬಿಚ್ಚಿದ. ಮೇಡಂ ಮುಖ ನೋಡಬೇಕಿತ್ತು! ಕಾಲೇಜು ಬಿಟ್ಟಿದ್ದಾರೆ, ಪಾಠ ಬಿಟ್ಟಿಲ್ಲ.

ಮನೆಯಲ್ಲಿ ಎಣ್ಣೆಗಾಯಿ ಮಾಡಿದೆವು. ಘಮ ಬಂತು, ಮಸಾಲೆ ಒಗ್ಗಿತು. ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿ ಮೇಲೆ ಹಾಕ್ಕೊಂಡು ರೊಟ್ಟಿ ಜೊತೆ ತಿನ್ನೋಕೆ ಬಹಳ ಚೆನ್ನಾಗಿದೆ. ಮಿರ್ಚಿ ಕರಿಯೋಕೆ ಬೇಡ. ರಿಫೈನ್ಡ್ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ, ಅಷ್ಟು ದುಡ್ಡು ಕೊಟ್ಟು ಬಾಣಲೆಯಲ್ಲಿ ಸುಡೋದು ದಂಡ.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ ಇದೆ. ಅಂಗಡಿ ತೆಗೆಯುವ ಟೈಮ್‌ಗೆ ಗ್ಯಾರಂಟಿ ಇಲ್ಲ. ಬಿಲ್ ಮಾಡುವವರೂ ಅವರೇ, ಪಾಠ ಹೇಳುವವರೂ ಅವರೇ ಆದ್ದರಿಂದ ಕ್ಯೂ ಮುಂದೆ ಹೋಗಲ್ಲ. ಇಷ್ಟೆಲ್ಲ ಕೆಮಿಸ್ಟ್ರಿ ಗೊತ್ತಿದ್ದೂ ಎಣ್ಣೆಯನ್ನು ಒಳಗಿನದು ಕಾಣುವ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಬಿಸಿಲು ಬೀಳುವ ಕಪಾಟಿನಲ್ಲಿ ಇಡ್ತಾರೆ. ಬೆಳಕಿಗೆ ಎಣ್ಣೆ ಬೇಗ ಕೆಡುತ್ತದೆ ಅಂತ ಅವರಿಗೆ ನಾವು ಹೇಳಬೇಕಾ? ಸ್ಟೀಲ್ ಕ್ಯಾನ್ ತಗೊಂಡು ಹೋಗಿ, ಒಳಗಿನ ಡ್ರಮ್ಮಿನಿಂದ ಹಾಕಿಕೊಡ್ತಾರೆ. ಕುಸುಬಿ ಎಣ್ಣೆ ವರ್ಷವಿಡೀ ಸಿಗಲ್ಲ, ಹಿಂಗಾರಿ ಬೆಳೆ ಬಂದ ಮೇಲೆ ಕೇಳಿ.