ಬುಧವಾರ ರಾತ್ರಿ 11:59: ಎನ್‌ಪಿಟಿಇಎಲ್‌ನ ಪೈಥಾನ್ ಪಠ್ಯ ಮತ್ತು ಅದರ ವಾರದ ಅಸೈನ್‌ಮೆಂಟುಗಳು

2021-22ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ, ಗಣಿತ ವಿಭಾಗದವರಾದ ನಮಗೂ ಪ್ರಾಕ್ಟಿಕಲ್ ಬಂತು. ಅಲ್ಲಿಯವರೆಗೆ ಸೀಮೆಸುಣ್ಣ ಮತ್ತು ಕಪ್ಪುಹಲಗೆಯನ್ನೇ ನಂಬಿದ್ದವರು ಪೈಥಾನ್, ಮ್ಯಾಕ್ಸಿಮಾ, ಸೈಲ್ಯಾಬ್‌ಗಳಂಥ ಮುಕ್ತ ತಂತ್ರಾಂಶಗಳಲ್ಲಿ ವಿದ್ಯಾರ್ಥಿಗಳಿಂದ ಪ್ರೋಗ್ರಾಂ ಬರೆಸಬೇಕಾಯಿತು. ನಾನು ಎಂ.ಎಸ್ಸಿ. ಓದುವಾಗ ಸಿ ಭಾಷೆಯ ಪತ್ರಿಕೆಯೊಂದು ಇದ್ದದ್ದು ನಿಜ. ಆದರೆ ಅದನ್ನು ಉತ್ತರ ಪತ್ರಿಕೆಯ ಮೇಲೆಯೇ ಬರೆದು, ಕಂಪ್ಯೂಟರ್ ಮುಟ್ಟದೆಯೇ ಪಾಸಾದವರಲ್ಲಿ ನಾನೂ ಒಬ್ಬಳು. ಹಾಗಾಗಿ ಮೊದಲ ವರ್ಷ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿದ್ದ ಪ್ರೋಗ್ರಾಂಗಳನ್ನು ಇದ್ದ ಹಾಗೆಯೇ ಟೈಪ್ ಮಾಡಿಸಿ, ಔಟ್‌ಪುಟ್ಟನ್ನು ರೆಕಾರ್ಡ್ ಪುಸ್ತಕದಲ್ಲಿ ಅಂಟಿಸಿಸಿ, ಸಹಿ ಹಾಕಿದೆ. ಎರಡನೆಯ ವರ್ಷ ಹುಡುಗಿಯೊಬ್ಬಳು, 'ಮೇಡಂ, ಈ ಸಾಲು ತೆಗೆದುಹಾಕಿದರೆ ಏನಾಗುತ್ತದೆ?' ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಸೇವೆಗೆ ಸೇರಿದ್ದು ಆ ಪ್ರಶ್ನೆಯ ದೆಸೆಯಿಂದ.

ಎನ್‌ಪಿಟಿಇಎಲ್ 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ಆರಂಭಿಸಿದ ಯೋಜನೆ. ಮೊದಲಿಗೆ ಅದು ಉಪನ್ಯಾಸಗಳ ಭಂಡಾರವಾಗಿತ್ತು. 2014ರಿಂದ ವಾರದ ಅಸೈನ್‌ಮೆಂಟು, ಪರೀಕ್ಷೆ, ಪ್ರಮಾಣಪತ್ರಗಳಿರುವ ಪಠ್ಯಗಳನ್ನು ನಡೆಸುತ್ತಿದೆ. ಈಗ ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದ ಮೂಲಕವೇ ಸೇರಬೇಕು. ಸೇರುವುದಕ್ಕೆ, ಪಾಠ ಕೇಳುವುದಕ್ಕೆ, ಅಸೈನ್‌ಮೆಂಟು ಮಾಡುವುದಕ್ಕೆ ದುಡ್ಡಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಪಠ್ಯವೊಂದಕ್ಕೆ 1000 ರೂಪಾಯಿ ಪರೀಕ್ಷಾ ಶುಲ್ಕ ಕಟ್ಟಿ, ನಿಗದಿತ ಕೇಂದ್ರಕ್ಕೆ ಹೋಗಿ ಮೂರು ಗಂಟೆಯ ಪರೀಕ್ಷೆ ಬರೆಯಬೇಕು. ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ಅಂದರೆ ವರ್ಷಕ್ಕೆ ಎರಡು ಸರದಿಯಲ್ಲಿ, ಪಠ್ಯಗಳು ಶುರುವಾಗುತ್ತವೆ.

ನಾನು ಆರಿಸಿಕೊಂಡದ್ದು ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನ ಪ್ರೊ. ಮಾಧವನ್ ಮುಕುಂದ್ ಅವರು ಪೈಥಾನ್ ಮೂಲಕ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಬಗೆ) ಮತ್ತು ಆಲ್ಗಾರಿದಮ್‌ಗಳನ್ನು (ಲೆಕ್ಕ ಬಿಡಿಸುವ ಕ್ರಮ) ಕಲಿಸುವ ಎಂಟು ವಾರದ ಪಠ್ಯ. ಅವರ ಉಪನ್ಯಾಸಗಳ ಗುಣವನ್ನು ಹೊಗಳುವವರು ಬೇಕಾದಷ್ಟು ಜನರಿದ್ದಾರೆ, ನಾನು ಅದಕ್ಕೆ ಹೆಚ್ಚು ಸೇರಿಸಬೇಕಾದ್ದಿಲ್ಲ. ಒಂದು ಮಾತು ಮಾತ್ರ ಹೇಳಬೇಕು: ಅವರು ಮೊದಲ ವಾರ ಭಾಷೆಯ ವ್ಯಾಕರಣದಿಂದ ತೊಡಗದೆ, ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯುವ ಬಗೆಯಿಂದ ತೊಡಗುತ್ತಾರೆ. ಎಲ್ಲ ಅಪವರ್ತನಗಳನ್ನೂ ಪಟ್ಟಿ ಮಾಡುವ ದಡ್ಡ ದಾರಿಯಿಂದ ಹೊರಟು, ಹೆಜ್ಜೆ ಹೆಜ್ಜೆಗೂ ಅದನ್ನು ಸುಧಾರಿಸುತ್ತ, ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಓದುತ್ತಿದ್ದ ಯೂಕ್ಲಿಡ್‌ನ ಭಾಗಾಕಾರದವರೆಗೆ ಬರುತ್ತಾರೆ. ಗಣಿತದವರಿಗೆ ಅದು ತವರುಮನೆಗೆ ಹೋದ ಹಾಗಿರುತ್ತದೆ. ಆ ವಾರ ನನಗೆ, ಇದೇನು ಮಹಾ ಎನ್ನಿಸಿತ್ತು.

ಎರಡನೆಯ ವಾರದ ಅಸೈನ್‌ಮೆಂಟು ಆ ಗರ್ವವನ್ನು ಇಳಿಸಿತು. ಅಕ್ಷರಗಳ ಸರಣಿಯೊಂದರಲ್ಲಿರುವ ಬ್ರ್ಯಾಕೆಟ್‌ಗಳು ಸರಿಯಾಗಿ ಹೊಂದುತ್ತವೆಯೇ ಇಲ್ಲವೇ ಎಂದು ಹೇಳುವ ಪ್ರೋಗ್ರಾಂ ಬರೆಯಬೇಕಿತ್ತು. ತೆರೆಯುವ ಬ್ರ್ಯಾಕೆಟ್ ಎಷ್ಟಿವೆ, ಮುಚ್ಚುವ ಬ್ರ್ಯಾಕೆಟ್ ಎಷ್ಟಿವೆ ಎಂದು ಎಣಿಸಿ, ಎರಡೂ ಸಮವಾದರೆ ಹೌದು, ಇಲ್ಲವಾದರೆ ಇಲ್ಲ ಎಂದು ಏಳೆಂಟು ಸಾಲಿನಲ್ಲಿ ಬರೆದು ಮುಗಿಸಿದೆ. ಅಲ್ಲಿ ಕಾಣಿಸಿದ್ದ ಪರೀಕ್ಷಾ ಉದಾಹರಣೆಗಳೆಲ್ಲವೂ ಪಾಸ್ ಎಂದು ಬಂದವು. ನೆಮ್ಮದಿಯಿಂದ ಮಲಗಿದೆ. ಬುಧವಾರ ರಾತ್ರಿ 11:59ರ ಗಡುವು ಕಳೆದ ಮೇಲೆ ನೋಡಿದರೆ ಪೂರ್ತಿ ಅಂಕವಿಲ್ಲ. ಪ್ರೋಗ್ರಾಮಿಂಗ್ ಅಸೈನ್‌ಮೆಂಟುಗಳಲ್ಲಿ ನಮಗೆ ತೋರಿಸುವ ಉದಾಹರಣೆಗಳು ಕೆಲವು ಮಾತ್ರ. ಅಂಕ ನಿರ್ಧರಿಸುವವು ಗಡುವಿನ ತನಕ ಮುಚ್ಚಿಟ್ಟಿರುವ ಬೇರೆ ಉದಾಹರಣೆಗಳು. ಆಮೇಲೆ ಅವನ್ನೂ, ನಮ್ಮ ಪ್ರೋಗ್ರಾಂ ಕೊಟ್ಟ ಉತ್ತರವನ್ನೂ, ಕೊಡಬೇಕಾಗಿದ್ದ ಉತ್ತರವನ್ನೂ ಅಕ್ಕಪಕ್ಕದಲ್ಲಿ ತೋರಿಸುತ್ತಾರೆ. ನನ್ನದು ಬಿದ್ದದ್ದು ')(' ಎಂಬ ಬಗೆಯ ಸರಣಿಯಲ್ಲಿ. ಒಂದು ತೆರೆದಿದೆ, ಒಂದು ಮುಚ್ಚಿದೆ, ಎಣಿಕೆ ಸಮ. ಆದರೆ ತೆರೆಯುವ ಮೊದಲೇ ಮುಚ್ಚಲಾಗಿದೆ. ಎಡದಿಂದ ಬಲಕ್ಕೆ ಓದುತ್ತ, ತೆರೆದಾಗ ಒಂದು ಕೂಡಿಸಿ ಮುಚ್ಚಿದಾಗ ಒಂದು ಕಳೆಯುತ್ತ ಹೋಗುವಾಗ ಲೆಕ್ಕ ಒಮ್ಮೆಯೂ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂಬ ಷರತ್ತು ನನಗೆ ಹೊಳೆದೇ ಇರಲಿಲ್ಲ.

ಹದಿನಾರು ವರ್ಷ, 'ಅವಶ್ಯಕ ಷರತ್ತು ಬೇರೆ, ಪರ್ಯಾಪ್ತ ಷರತ್ತು ಬೇರೆ', ಅಂದರೆ ಇರಲೇಬೇಕಾದದ್ದು ಬೇರೆ, ಅದೊಂದಿದ್ದರೆ ಸಾಕಾಗುವುದು ಬೇರೆ ಎಂದು ತರಗತಿಯಲ್ಲಿ ಹೇಳಿಕೊಂಡು ಬಂದವಳು ನಾನು. ಆ ರಾತ್ರಿ ಸಿಟ್ಟು ಬಂದದ್ದು ಮೊದಲು ಅಸೈನ್‌ಮೆಂಟಿನ ಮೇಲೆ, ಸ್ವಲ್ಪ ಹೊತ್ತಾದ ಮೇಲೆ ನನ್ನ ಮೇಲೆ. ಆದರೆ ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಗೊತ್ತಿಲ್ಲದ ವಿಷಯದ ಅಸೈನ್‌ಮೆಂಟು ಕಾಡುವುದು ಅದು ಕಷ್ಟ ಎಂಬ ಕಾರಣಕ್ಕಲ್ಲ. ನಾವು ಎಲ್ಲಿ ತಪ್ಪಿದ್ದೇವೆಂದು ತಿಳಿಯದೆ, ತಿಳಿಸುವವರೂ ಇಲ್ಲದೆ, ಮೂರು ವಾರದ ಬಳಿಕ ಮೂಲೆಯಲ್ಲೊಂದು ಕೆಂಪು 'ಏಳು' ಅಂಕ ಬರೆದು ಹಿಂದಿರುಗಿ ಬರುತ್ತದಲ್ಲ, ಅದಕ್ಕೆ. ಇಲ್ಲಿ ಹಾಗಲ್ಲ. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ತಿದ್ದಿ ಮತ್ತೆ ಒಪ್ಪಿಸಬಹುದು, ಕೊನೆಯದಾಗಿ ಒಪ್ಪಿಸಿದ್ದೇ ಲೆಕ್ಕಕ್ಕೆ. ಔಟ್‌ಪುಟ್ಟಿನ ಕೊನೆಗೆ ಬೇಡದ ಖಾಲಿ ಸಾಲೊಂದು ಉಳಿದುಹೋದರೆ, 'ಪ್ರೆಸೆಂಟೇಶನ್ ಎರರ್ ಬದಿಗಿಟ್ಟು ಪಾಸ್' ಎಂಬರ್ಥದ ಸಂದೇಶ ಬರುತ್ತದೆ. ಮುಖ್ಯವಲ್ಲದ ತಪ್ಪಿಗೆ ಅಂಕ ಕಳೆಯುವುದಿಲ್ಲ. ಮಾರ್ಜಿನ್ ಎಳೆದಿಲ್ಲವೆಂದು ಅರ್ಧ ಅಂಕ ಕಳೆಯುವ ನಮ್ಮವರಿಗೆ ಇದನ್ನು ತೋರಿಸಬೇಕು.

ಮೂರನೆಯ ವಾರ ಬೇರೆ ಬಗೆಯ ಕಾಟ. ಒಂದು ಲಿಸ್ಟನ್ನು (ಮೌಲ್ಯಗಳ ಪಟ್ಟಿಯನ್ನು) ಇನ್ನೊಂದು ಹೆಸರಿಗೆ ಕೊಟ್ಟು, ಎರಡನೆಯದನ್ನು ಬದಲಾಯಿಸಿದರೆ ಮೊದಲನೆಯದೂ ಬದಲಾಗುತ್ತಿತ್ತು. ಗಣಿತದ ಕಣ್ಣಿಗೆ ಇದು ಶುದ್ಧ ಅಪಚಾರ: ಎ ಮತ್ತು ಬಿ ಸಮವೆಂದ ಮಾತ್ರಕ್ಕೆ ಬಿಯನ್ನು ಮುಟ್ಟಿದರೆ ಎ ಏಕೆ ಅಲ್ಲಾಡಬೇಕು? ಉಪನ್ಯಾಸದಲ್ಲಿ ಇದನ್ನು ವಿವರವಾಗಿಯೇ ಹೇಳಿದ್ದರು, ನಾನು ಕೇಳಿಯೂ ಇದ್ದೆ. ಆದರೂ ಕೈಗೆ ಬರಲಿಲ್ಲ. ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರು ಪೈಥಾನ್ ಟ್ಯೂಟರ್ ಎಂಬ ಉಚಿತ ಜಾಲತಾಣವನ್ನು ತೋರಿಸಿಕೊಟ್ಟರು. ಅಲ್ಲಿ ಪ್ರೋಗ್ರಾಮನ್ನು ಹಾಕಿದರೆ ಒಂದೊಂದೇ ಸಾಲಾಗಿ ನಡೆಸಿ, ಯಾವ ಹೆಸರು ಯಾವ ಪೆಟ್ಟಿಗೆಯನ್ನು ತೋರಿಸುತ್ತಿದೆ ಎಂಬುದನ್ನು ಬಾಣ ಎಳೆದು ಕಾಣಿಸುತ್ತದೆ. ಎರಡು ಹೆಸರಿನ ಬಾಣಗಳೂ ಒಂದೇ ಪೆಟ್ಟಿಗೆಗೆ ಹೋಗಿ ತಗುಲಿದ್ದನ್ನು ನೋಡಿದ ಕ್ಷಣದಲ್ಲೇ ವಿಷಯ ತಿಳಿಯಿತು. ಒಂದೇ ಮನೆಗೆ ಎರಡು ಬಾಗಿಲು, ಅಷ್ಟೇ. ಈ ಪಠ್ಯಕ್ಕೆ ಸೇರುವವರು ಮೊದಲ ದಿನದಿಂದಲೇ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಐದನೆಯ ವಾರದ್ದು ಯಾರ ತಪ್ಪೂ ಅಲ್ಲ, ನನ್ನದೇ. ಬುಧವಾರ ಸಂಜೆ ಆಂತರಿಕ ಪರೀಕ್ಷೆಯ ಅಂಕಪಟ್ಟಿ ಮುಗಿಸಿ, ಮನೆಗೆ ಬಂದು, ಅಡುಗೆ ಊಟವೆಲ್ಲ ಆಗಿ, ರಾತ್ರಿ ಹತ್ತೂವರೆಗೆ ಕುಳಿತೆ. ಪ್ರೋಗ್ರಾಂ ನಡೆಸಿ ನೋಡುವ ಗುಂಡಿ ಒಂದು, ಒಪ್ಪಿಸುವ ಗುಂಡಿ ಇನ್ನೊಂದು. ಹನ್ನೊಂದೂಮುಕ್ಕಾಲಿಗೆ ಎಲ್ಲ ಉದಾಹರಣೆಗಳೂ ಪಾಸಾದ ಖುಷಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಿದೆ. ಎರಡನೆಯ ಗುಂಡಿ ಒತ್ತಿರಲಿಲ್ಲ. ಆ ವಾರ ಸೊನ್ನೆ ಬಂತು. 'ಮೇಡಂ, ಬರೆದಿದ್ದೆ, ಮನೆಯಲ್ಲೇ ಬಿಟ್ಟುಬಂದೆ' ಎನ್ನುವ ಹುಡುಗರನ್ನು ನಾನು ಇಷ್ಟು ವರ್ಷ ನಂಬಿರಲಿಲ್ಲ.

ಅಂಥ ಸೊನ್ನೆಗೂ ಎನ್‌ಪಿಟಿಇಎಲ್‌ನ ಸಾಮಾನ್ಯ ಸೂತ್ರದಲ್ಲಿ ಜಾಗವಿದೆ. 12 ವಾರದ ಪಠ್ಯವಾದರೆ ಉತ್ತಮವಾದ 8 ಅಸೈನ್‌ಮೆಂಟುಗಳನ್ನು, 8 ವಾರದ್ದಾದರೆ 6ನ್ನು, 4 ವಾರದ್ದಾದರೆ 3ನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಾರೆ. ಅವುಗಳ ಸರಾಸರಿಗೆ 25 ಅಂಕ, ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಎರಡೂ ಬರಬೇಕು. ಒಂದರಲ್ಲಿ ಹೆಚ್ಚು ತೆಗೆದು ಇನ್ನೊಂದರ ಕೊರತೆ ತುಂಬಿಸಿಕೊಳ್ಳುವಂತಿಲ್ಲ. ಒಟ್ಟು 60 ಮುಟ್ಟಿದರೆ ಪ್ರಮಾಣಪತ್ರದ ಮೇಲೆ ಎಲೀಟ್ ಎಂದು, 75 ಮುಟ್ಟಿದರೆ ಅದರೊಂದಿಗೆ ಸಿಲ್ವರ್, 90 ಮುಟ್ಟಿದರೆ ಗೋಲ್ಡ್ ಎಂದು ಇರುತ್ತದೆ. ಪ್ರೋಗ್ರಾಮಿಂಗ್ ಪಠ್ಯಗಳಲ್ಲಿ ಅಂಕಗಳ ಹಂಚಿಕೆ ಬೇರೆ ಇರಬಹುದಾದ್ದರಿಂದ, ಸೇರುವ ಮುನ್ನ ಆಯಾ ಪಠ್ಯದ ಪುಟವನ್ನು ಓದಿಕೊಳ್ಳಬೇಕು.

ಈ ಹೊಗಳಿಕೆ ಎನ್‌ಪಿಟಿಇಎಲ್‌ನ ಎಲ್ಲ ಪಠ್ಯಗಳ ಅಸೈನ್‌ಮೆಂಟಿಗೂ ಹೊಂದುವುದಿಲ್ಲ. ಪ್ರೋಗ್ರಾಮಿಂಗ್ ಇಲ್ಲದ ಬಹುಪಾಲು ಪಠ್ಯಗಳಲ್ಲಿ ವಾರದ ಅಸೈನ್‌ಮೆಂಟೆಂದರೆ ನಾಲ್ಕರಲ್ಲಿ ಒಂದನ್ನು ಆರಿಸುವ ಹತ್ತು ಹದಿನೈದು ಪ್ರಶ್ನೆಗಳು. ಅಲ್ಲಿ ತಪ್ಪು ಆಯ್ಕೆ ಏಕೆ ತಪ್ಪು ಎಂಬುದನ್ನು ನಾವೇ ಉಪನ್ಯಾಸಕ್ಕೆ ಹಿಂದಿರುಗಿ ಹುಡುಕಿಕೊಳ್ಳಬೇಕು. ಹುಡುಕುವ ವ್ಯವಧಾನವಿಲ್ಲದವರಿಗೆ ಎ, ಬಿ, ಸಿ, ಡಿ ಅಕ್ಷರಗಳಷ್ಟೇ ಉಳಿಯುತ್ತವೆ. ಇದಕ್ಕೆ ಕಾಲೇಜುಗಳ ಒತ್ತಾಯ ಬೇರೆ. ಯುಜಿಸಿ 2016ರಲ್ಲಿ ಒಂದು ಸೆಮಿಸ್ಟರಿನ ಪಠ್ಯಗಳಲ್ಲಿ ಶೇ. 20ರಷ್ಟನ್ನು ಸ್ವಯಂ ಮೂಲಕ ಮಾಡಲು ಅವಕಾಶ ಕೊಟ್ಟು, 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಇಡೀ ತರಗತಿಯನ್ನು ಒಂದೇ ಪಠ್ಯಕ್ಕೆ ಸೇರಿಸಿದ್ದರು; ಬುಧವಾರ ಬೆಳಿಗ್ಗೆ ಒಬ್ಬ ಹುಡುಗ ಉತ್ತರಗಳ ಅಕ್ಷರಗಳನ್ನು ವಾಟ್ಸಾಪಿನಲ್ಲಿ ಹಾಕಿದರೆ ಸಂಜೆಯೊಳಗೆ ತರಗತಿಗೆಲ್ಲ ನೂರಕ್ಕೆ ನೂರು. 25ರಲ್ಲಿ 25 ತೆಗೆದವರು ಕೇಂದ್ರದ ಪರೀಕ್ಷೆಯಲ್ಲಿ 30 ಮುಟ್ಟಲಾರದೆ 1000 ರೂಪಾಯಿ ಕಳೆದುಕೊಂಡರು. ಸಾಲ ಮಾಡಿ ಕಟ್ಟಿದವರೂ ಅವರಲ್ಲಿ ಇದ್ದರು.

ಭಾಷೆಯ ಮಾತನ್ನೂ ಹೇಳಬೇಕು. ಈ ಪಠ್ಯದ ಉಪನ್ಯಾಸ, ಅಸೈನ್‌ಮೆಂಟುಗಳು ಇಂಗ್ಲಿಷಿನಲ್ಲಿವೆ. ಎನ್‌ಪಿಟಿಇಎಲ್ ತನ್ನ ಕೆಲವು ಪಠ್ಯಗಳ ಉಪನ್ಯಾಸಗಳನ್ನು ಕನ್ನಡಕ್ಕೂ ಅನುವಾದಿಸಿ ಒದಗಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳನ್ನು. ಹತ್ತು ಹನ್ನೆರಡು ನಿಮಿಷದ ಆ ಪಾಠಗಳಲ್ಲಿ ಹಲವು ಕನ್ನಡ ಧ್ವನಿಯಲ್ಲೂ ಇವೆ. ಪರದೆಯ ಮೇಲೆ ಏನು ನಡೆಯುತ್ತದೋ ಅದನ್ನೇ ನೋಡಿಕೊಂಡು ಕೈಯಾಡಿಸಬಹುದು. ಅಲ್ಲಿ ಬೆರಳು ಪಳಗಿದ ಮೇಲೆ ಇಲ್ಲಿಗೆ ಬಂದರೆ, ಅಸೈನ್‌ಮೆಂಟಿನ ಇಂಗ್ಲಿಷು ಅಷ್ಟಾಗಿ ಹೆದರಿಸುವುದಿಲ್ಲ. ಪ್ರಶ್ನೆ ಅರ್ಥವಾಗದಿದ್ದರೆ ಅದರ ಕೆಳಗಿರುವ ಉದಾಹರಣೆಯನ್ನು ಮೊದಲು ಓದಬೇಕು. ಕೊಟ್ಟದ್ದೇನು, ಬರಬೇಕಾದದ್ದೇನು ಎಂಬುದನ್ನು ಕಾಗದದ ಮೇಲೆ ಕೈಯಲ್ಲೇ ಮಾಡಿ ನೋಡಿದರೆ ಪ್ರಶ್ನೆಯ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಮಯದ ಲೆಕ್ಕಕ್ಕೆ ಬಂದರೆ, ಉಪನ್ಯಾಸಗಳಿಗಿಂತ ಅಸೈನ್‌ಮೆಂಟಿಗೇ ನನಗೆ ಹೆಚ್ಚು ಹೊತ್ತು ಹಿಡಿಯಿತು; ವಾರಕ್ಕೆ ಆರು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ ಆರನೆಯ ವಾರ ಬರುವ ಹೊತ್ತಿಗೆ, ಚದುರಂಗದ ಮಣೆಯ ಮೇಲೆ ಒಂದನ್ನೊಂದು ಹೊಡೆಯದಂತೆ ರಾಣಿಗಳನ್ನು ಕೂರಿಸುವ ಸಮಸ್ಯೆಯ ಮುಂದೆ, ಉಸಿರು ಕಟ್ಟುತ್ತದೆ. ಎಂಟನೆಯ ವಾರದ ಡೈನಮಿಕ್ ಪ್ರೋಗ್ರಾಮಿಂಗ್, ಅಂದರೆ ಚಿಕ್ಕ ಸಮಸ್ಯೆಗಳ ಉತ್ತರಗಳನ್ನು ಉಳಿಸಿಕೊಂಡು ದೊಡ್ಡದನ್ನು ಬಿಡಿಸುವ ವಿಧಾನ, ನನಗೆ ಇಂದಿಗೂ ಅರ್ಧಂಬರ್ಧ.

2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯಕ್ರಮ ಮತ್ತೊಮ್ಮೆ ಬದಲಾಯಿತು. ನಾನು ಮ್ಯಾನ್ಯುಯಲ್‌ನಿಂದ ಟೈಪ್ ಮಾಡಿಸುವುದನ್ನು ಮಾತ್ರ ಬಿಟ್ಟಿದ್ದೇನೆ. ಈಗ ಲ್ಯಾಬಿನಲ್ಲಿ ಮೂರು ಉದಾಹರಣೆಗಳನ್ನು ಬೋರ್ಡಿನ ಮೇಲೆ ಬರೆದು, ಇನ್ನೆರಡನ್ನು ಚೀಟಿಯಲ್ಲಿ ಬರೆದು ಮೇಜಿನ ಡ್ರಾಯರಿನಲ್ಲಿ ಇಡುತ್ತೇನೆ. ಕಳೆದ ತಿಂಗಳು ಬ್ರ್ಯಾಕೆಟ್ಟಿನ ಅದೇ ಲೆಕ್ಕವನ್ನು ಕೊಟ್ಟಿದ್ದೆ. ಮೊದಲು ಮುಗಿಸಿದವನು ಬೋರ್ಡಿನ ಮೂರನ್ನೂ ನಡೆಸಿ ತೋರಿಸಿ, ರೆಕಾರ್ಡ್ ಪುಸ್ತಕವನ್ನು ಸಹಿಗೆ ಚಾಚಿದ. ನಾನು ಡ್ರಾಯರ್ ಎಳೆದು ಚೀಟಿ ಕೊಟ್ಟೆ. ಅದನ್ನು ಟೈಪ್ ಮಾಡಿ, ಪರದೆಯನ್ನು ಒಂದು ನಿಮಿಷ ದಿಟ್ಟಿಸಿ, 'ಮೇಡಂ, ಎಣಿಕೆ ಸರಿಯಾಗಿಯೇ ಇದೆಯಲ್ಲ?' ಎಂದ. ಇದೆ, ಎಂದೆ. ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡು ಮತ್ತೆ ಕುಳಿತ.