ಲ್ಯಾಕ್ಟೋಮೀಟರ್ ತೋರಿಸಿ ಹಾಲು ಮಾರುವವನು ಬಂದರೆ ತಡೆಯಿರಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಆರು ಮನೆಯವರು ನನ್ನ ಮಾತು ಕೇಳಿ ಮೋಸ ಹೋದರು. ಹೌದು, ನನ್ನ ಮಾತು ಕೇಳಿ.

ಬೈಕಿಗೆ ಎರಡು ಕ್ಯಾನ್ ಕಟ್ಟಿಕೊಂಡು ಒಬ್ಬ ಬಂದ. "ಪ್ಯಾಕೆಟ್ ಹಾಲು ಯಾಕಕ್ಕಾ, ಇದು ಬೆಳಗ್ಗೆ ಐದಕ್ಕೆ ಕರೆದದ್ದು" ಅಂದ. ಕ್ಯಾನಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಸ್ಟಿಕ್ಕರ್, 14 ಅಂಕಿಯ ನಂಬರ್. ನೀರು ಬೆರೆಸಿಲ್ಲ ಅಂತ ಏನು ಗ್ಯಾರಂಟಿ ಅಂತ ಕೇಳಿದೆ. ಅದೇ ಪ್ರಶ್ನೆಗೆ ಕಾಯುತ್ತಿದ್ದವನ ಹಾಗೆ ಚೀಲದಿಂದ ಲ್ಯಾಕ್ಟೋಮೀಟರ್ ತೆಗೆದ, ಹಾಲಿಗೆ ನೀರು ಬೆರೆಸಿದೆಯಾ ಅಂತ ನೋಡುವ ಗಾಜಿನ ಕಡ್ಡಿ. ನಮ್ಮ ಮನೆಯ ಉದ್ದ ಲೋಟಕ್ಕೇ ಹಾಲು ಹಾಕಿ, ಮೆಲ್ಲಗೆ ಅದನ್ನು ಬಿಟ್ಟ. ಗಾಜಿನ ಕಡ್ಡಿ ಒಮ್ಮೆ ಮುಳುಗಿ, ಎದ್ದು, 29ಕ್ಕೆ ನಿಂತಿತು, ಅಂದರೆ ನೀರು ಬೆರೆಸದ ಹಾಲಿನ ಲೆಕ್ಕ. "ಬಗ್ಗಿ ನೋಡಿ ಅಕ್ಕಾ, ನಾನು ಹೇಳೋದು ಬೇಡ, ಅದೇ ಹೇಳುತ್ತೆ."

ನಾನು ಬಗ್ಗಿ ನೋಡಿದೆ. ಹಾಗೆ ಬಗ್ಗಿ ನೋಡಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

"ಇಟ್ಕೊಳ್ಳಿ, ದಿನಾ ನೀವೇ ನೋಡಿ" ಅಂತ ಆ ಲ್ಯಾಕ್ಟೋಮೀಟರ್ ನನಗೇ ಕೊಟ್ಟ. ಎಂಥ ಪ್ರಾಮಾಣಿಕ ಹುಡುಗ ಅಂದುಕೊಂಡೆ. 2,000 ರೂಪಾಯಿ ಮುಂಗಡ ಕೊಟ್ಟೆ. ಅಕ್ಕಪಕ್ಕದವರ ಹತ್ತಿರವೂ ಕೊಡಿಸಿದೆ.

ದಿನಾ 29. ಮಳೆ ಬಂದರೂ 29, ಸೆಕೆಯಿದ್ದರೂ 29. ನಿಜವಾದ ಹಾಲು ಹೀಗೆ ಒಂದೇ ಗೆರೆ ಹಿಡಿದು ನಿಲ್ಲಲ್ಲ, ಅದೂ ಹೊಳೆಯಲಿಲ್ಲ ನನಗೆ. ಕಾಯಿಸಿದರೆ ತಳ ಹಿಡಿಯುತ್ತಿತ್ತು, ಕೆನೆ ನೆಪಕ್ಕೆ ಮಾತ್ರ. "ಇದು ಹಾಲಲ್ಲ, ಗಂಜಿ" ಅಂತ ನಮ್ಮತ್ತೆ ಮೊದಲ ವಾರವೇ ಹೇಳಿದರು. ಅವರ ಜೊತೆ ಜಗಳ ಆಡಿದೆ, ಅವನ ಪರವಾಗಿ!

ಕೊನೆಗೆ ಮೆಡಿಕಲ್ ಶಾಪಿನಿಂದ ಟಿಂಕ್ಚರ್ ಅಯೋಡಿನ್ ತಂದೆ. ಎರಡು ಚಮಚ ಹಾಲಿಗೆ ನೀರು ಸೇರಿಸಿ ಕುದಿಸಿ, ಆರಿಸಿ, ಎರಡು ಹನಿ ಬಿಟ್ಟೆ. ಬಿಳಿ ಬಟ್ಟಲಲ್ಲಿ ಹನಿ ಬಿದ್ದ ಕಡೆ ಮೊದಲು ಬೂದು, ಆಮೇಲೆ ಮಸಿ ಚೆಲ್ಲಿದ ಹಾಗೆ ನೀಲಿ. ಅಂದರೆ ಹಿಟ್ಟು. ಲ್ಯಾಕ್ಟೋಮೀಟರ್ ನೋಡುವುದು ಸಾಂದ್ರತೆ ಒಂದನ್ನೇ. ನೀರು ಹಾಕಿದರೆ ಅದು ಇಳಿಯುತ್ತದೆ, ಸಕ್ಕರೆಯೋ ಹಿಟ್ಟೋ ಬೆರೆಸಿದರೆ ಮತ್ತೆ ಏರುತ್ತದೆ. ಅವನಿಗೆ ಇದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಬಟ್ಟಲು ತೋರಿಸಿದೆ. "ಹಸು ಜೋಳದ ಹಿಟ್ಟು ಜಾಸ್ತಿ ತಿಂದಿರತ್ತೆ ಅಕ್ಕಾ, ಅದಕ್ಕೆ." ತಿಂದ ಹಿಟ್ಟು ಹಾಗೇ ಕೆಚ್ಚಲಿಗೆ ಇಳಿಯುತ್ತದಾ? ಕ್ಯಾನಿನ ಮೇಲಿನ ನಂಬರ್ ಯಾರದಪ್ಪಾ ಅಂದೆ. ಹಿಂದಿನ ರಾತ್ರಿಯೇ ಎಫ್‌ಎಸ್‌ಎಸ್‌ಎಐನ ಫಾಸ್ಕೋಸ್ ಜಾಲತಾಣದಲ್ಲಿ ಹಾಕಿ ನೋಡಿದ್ದೆ. ಬೇರೆ ಜಿಲ್ಲೆಯ ಚಿಪ್ಸ್ ಮಾಡುವವರ ನಂಬರ್ ಅದು! ಅವನ ಉತ್ತರ ಕೇಳಿ: "ನಂಬರ್ ನಂದಲ್ಲ, ಹಾಲು ನಂದೇ ಅಲ್ವಾ ಅಕ್ಕಾ?" ಆಮೇಲೆ ಇನ್ನೊಂದು ವರಸೆ ತೆಗೆದ: "ನಾನು ಡೈರಿ ಸದಸ್ಯ, ನಮಗೆ ನೋಂದಣಿ ಬೇಕಿಲ್ಲ." ಅರ್ಧ ನಿಜ, ಅದಕ್ಕೇ ಜಾಸ್ತಿ ಕೋಪ. ಹಾಲೆಲ್ಲಾ ಸಹಕಾರ ಸಂಘಕ್ಕೇ ಹಾಕುವ ಸದಸ್ಯರಿಗೆ ಮಾತ್ರ ಆ ವಿನಾಯಿತಿ. ಮನೆ ಮನೆಗೆ ಮಾರುವವನಿಗಲ್ಲ.

ಬಾಟಲಿ ಹಿಡಿದು ಆಹಾರ ಸುರಕ್ಷತೆ ಕಚೇರಿಗೆ ಹೋದೆ. ಅಲ್ಲಿ ಕೇಳಿದ್ದು: "ಕೊಳ್ಳುವಾಗಲೇ ಪರೀಕ್ಷೆಗೆ ಕೊಡ್ತೀನಿ ಅಂತ ಅವನಿಗೆ ಹೇಳಿದ್ರಾ ಮೇಡಂ?" ಸುಮ್ನೆ ಕೇಳಿದ್ದಲ್ಲ, 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಹಾಗೇ ಇದೆ. ಗ್ರಾಹಕರು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕು. ಬೆಳಗ್ಗೆ ಆರಕ್ಕೆ ನಿದ್ದೆಗಣ್ಣಲ್ಲಿ ಪಾತ್ರೆ ಹಿಡಿದು ಯಾರಪ್ಪಾ ಹಾಗೆ ಹೇಳುತ್ತಾರೆ? ಅಧಿಕಾರಿ ತಾವೇ ಬಂದು ತೆಗೆದು, ನಾಲ್ಕು ಭಾಗ ಮಾಡಿ, ಸೀಲ್ ಹಾಕಿದರೆ ಅದು ಮಾದರಿ. ನನ್ನ ಬಾಟಲಿ ಬರೀ ಬಾಟಲಿ. ದೂರು ಬರೆದುಕೊಟ್ಟು ಬಂದೆ. ಅವರು ನಮ್ಮ ಬೀದಿಗೆ ಬರುವಷ್ಟರಲ್ಲಿ ಅವನು ಬರುವುದನ್ನು ಬಿಟ್ಟಿದ್ದ. ಫೋನ್ ಸ್ವಿಚ್ ಆಫ್.

ನೀವು ನಂಬರನ್ನು ಮೊದಲ ದಿನವೇ ನೋಡಿ. ಮೊದಲ ಅಂಕಿ 2 ಇದ್ದರೆ ಸಣ್ಣ ವ್ಯಾಪಾರಿಯ ನೋಂದಣಿ, 1 ಇದ್ದರೆ ಅದಕ್ಕಿಂತ ದೊಡ್ಡ ವ್ಯಾಪಾರದ ಲೈಸೆನ್ಸ್. ಬೈಕಿನಲ್ಲಿ ಎರಡು ಕ್ಯಾನ್ ತರುವವನ ನಂಬರ್ 1ರಿಂದ ಶುರುವಾಗಿತ್ತು, ನಾನು ನೋಡಿಯೂ ನೋಡಲಿಲ್ಲ. ಸಂಶಯ ಬಂದರೆ ನನ್ನ ಹಾಗೆ ಅವನ ಹತ್ತಿರ ಕೂಗಾಡಬೇಡಿ. ಅವನು ಇನ್ನೂ ಬರುತ್ತಿರುವಾಗಲೇ ದೂರು ಕೊಡಿ, ಬರುವ ಹೊತ್ತನ್ನೂ ಬರೆಯಿರಿ. ಮುಂಗಡ ಕೊಡಲೇಬೇಡಿ, ಲ್ಯಾಕ್ಟೋಮೀಟರ್ ಅಲ್ಲ, ಹಸುವನ್ನೇ ತಂದು ಬಾಗಿಲಲ್ಲಿ ಕಟ್ಟಿದರೂ ಕೊಡಬೇಡಿ.

ಅವನು ಕೊಟ್ಟ ಲ್ಯಾಕ್ಟೋಮೀಟರ್ ಇನ್ನೂ ಪಾತ್ರೆ ಸ್ಟ್ಯಾಂಡಿನಲ್ಲೇ ಇದೆ. ಆ 2,000ಕ್ಕೆ ನನಗೆ ಉಳಿದದ್ದು ಅದೊಂದೇ.