ದುರ್ಗದ ಕೋಟೆಗೆ ಹೋದ್ರೆ ಗೈಡ್ ತಗೊಳ್ಳಿ

ಚಿತ್ರದುರ್ಗ ಕೋಟೆಗೆ ಹೋಗೋರು ದಯವಿಟ್ಟು ಗೇಟ್ ಹತ್ರ ಇರೋ ಗೈಡ್‌ಗಳಲ್ಲಿ ಒಬ್ರನ್ನ ಕರ್ಕೊಂಡು ಹೋಗಿ, ಸುಮ್ನೆ ಮೆಟ್ಲು ಹತ್ತಿ ಓಬವ್ವನ ಕಿಂಡಿ ಮುಂದೆ ಸೆಲ್ಫಿ ತಗೊಂಡು ಇಳಿದ್ರೆ ಕೋಟೆ ನೋಡಿದಂಗಲ್ಲ. ನಾವು ದಾವಣಗೆರೆಯೋರು, ದುರ್ಗ ಪಕ್ಕದೂರೇ, ಆದ್ರೂ ಈ ಸಲ ತಿಳ್ಕೊಂಡಷ್ಟು ಯಾವತ್ತೂ ತಿಳ್ಕೊಂಡಿರ್ಲಿಲ್ಲ.

ನಮಗೆ ಸಿಕ್ಕಿದ್ದು ವಯಸ್ಸಾದ ಯಜಮಾನ್ರು. ಕಿಂಡಿ ಹತ್ರ ನನ್ನ ಮಗಳಿಗೆ ಆ ಕಡೆಯಿಂದ ತೂರ್ಕೊಂಡು ಬಾರಮ್ಮ ಅಂದ್ರು, ಅವಳು ತಲೆ ಬಗ್ಗಿಸಿ ಭುಜ ಓರೆ ಮಾಡ್ಕೊಂಡು ಈಚೆ ಬಂದ್ಮೇಲೆ "ನೋಡು, ಮೊದ್ಲು ಹೊರಗೆ ಬಂದಿದ್ದು ನಿನ್ನ ತಲೆ, ಕೈ ಎತ್ತಾಕೂ ಜಾಗ ಇರ್ಲಿಲ್ಲ, ಹೈದರಾಲಿ ಸೈನಿಕ್ರು ಹಿಂಗೇ ಒಬ್ಬೊಬ್ರೇ ಬಂದಿದ್ದು" ಅಂದ್ರು. ಗಂಡ ಊಟಕ್ಕೆ ಕೂತಿದ್ದು, ನೀರಿಗೆ ಹೋದ ಓಬವ್ವ ಒನಕೆ ಹಿಡ್ದು ನಿಂತಿದ್ದು ಸಣ್ಣೋರಿಂದ ಕೇಳಿರೋ ಕಥೆನೇ, ಆದ್ರೆ ಅಲ್ಲಿ ನಿಂತು ಕೇಳ್ದಾಗ ಮೈ ಜುಮ್ ಅಂತು. ಆ ಸಲ ಕೋಟೆ ಉಳೀತು, ಕೊನೆಗೆ 1779ರಲ್ಲಿ ಮದಕರಿ ನಾಯಕ್ರು ಸೋತು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ್ರು ಅಂತ ಹೇಳೋವಾಗ ಯಜಮಾನ್ರ ದನಿನೇ ಬದಲಾಯ್ತು.

ನಂಗೆ ತುಂಬಾ ಹಿಡಿಸಿದ್ದು ಏನಂದ್ರೆ ದಾಖಲೆ ಯಾವ್ದು ಜನ ಹೇಳ್ಕೊಂಡು ಬಂದಿದ್ದು ಯಾವ್ದು ಅಂತ ಬಿಡಿಸಿ ಹೇಳ್ತಾರೆ, ಅಕ್ಕ-ತಂಗಿ ಹೊಂಡಕ್ಕೆ ರಾಣಿಯರು ಹಾರಿದ್ರು ಅನ್ನೋದನ್ನ "ಇದು ಜನರ ಬಾಯಿಮಾತು" ಅಂತ್ಲೇ ಶುರು ಮಾಡಿದ್ರು. ಆಮೇಲೆ ನೀರಿನ ವ್ಯವಸ್ಥೆ! ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅದರ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡದವರೆಗೂ ಇಳಿಯೋ ಥರ ಮಾಡವ್ರೆ, ಈ ಬಯಲುಸೀಮೆಯಲ್ಲಿ ಮಳೆನೀರನ್ನ ಎಷ್ಟು ಜೋಪಾನ ಮಾಡಿದ್ರು ನೋಡಿ. ಸಿಡಿಮದ್ದು ಬೀಸೋ ಕಲ್ಲು, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ ಗುಡಿ ಎಲ್ಲಾ ತೋರಿಸಿದ್ರು.

ಬೇಜಾರು ಅಂದ್ರೆ ರೇಟ್ ಮೊದ್ಲೇ ಮಾತಾಡ್ಕೋಬೇಕು, ಇಲ್ಲಾಂದ್ರೆ ಇಳಿದ್ಮೇಲೆ ಚೌಕಾಸಿ ಶುರುವಾಗುತ್ತೆ, ಒಂದು ಬೋರ್ಡ್ ಹಾಕಿದ್ರೆ ಅವ್ರಿಗೂ ಮರ್ಯಾದೆ ನಮಗೂ ನೆಮ್ಮದಿ. ಮತ್ತೆ ಕಲ್ಲಿನ ಮೇಲೆ ಹೆಸರು ಕೆತ್ತೋರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ, ದಯವಿಟ್ಟು ನಿಮ್ಮ ಹುಡುಗ್ರಿಗೆ ಹೇಳಿ.

ಮಧ್ಯಾಹ್ನ ಬಂಡೆ ಕಾಯುತ್ತೆ, ಮಕ್ಕಳು ವಯಸ್ಸಾದೋರು ಇದ್ರೆ ಬೆಳಗ್ಗೆ ಬೇಗ ಹತ್ತಿ, ನೀರಿನ ಬಾಟ್ಲು ಕೆಳಗಿಂದ್ಲೇ ತಗೊಂಡು ಹೋಗಿ. ಇಳಿದ್ಮೇಲೆ ರಂಗಯ್ಯನ ಬಾಗಿಲ ಹತ್ರದ ಮ್ಯೂಸಿಯಂಗೂ ಹೋಗ್ಬನ್ನಿ.